ಕನ್ನಡ ಅಕ್ಷರ ಕತ್ತರಿಸಲು ಯಾವ ವಿನೈಲ್ ಕಟರ್? ಎರಡನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಲೂಯೆಟ್ ಕ್ಯಾಮಿಯೋ 4 ಅನ್ನುವ ಚಿಕ್ಕ ಕಟರ್‌ಗೆ. ಅಗಲ ಬರೀ 12 ಇಂಚು, ಆದರೂ ಅದೇ. ಅದಕ್ಕೂ ಮುಂಚೆ, ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ 24 ಇಂಚಿನ ಕಟಿಂಗ್ ಪ್ಲಾಟರ್, ಅಂದರೆ ದೊಡ್ಡ ಕಟರ್, ತಂದಿದ್ದೆ.

ನಮ್ಮದು ಮನೆಯ ಮುಂದಿನ ಕೋಣೆಯಲ್ಲೇ ನಡೆಯುವ ಕೆಲಸ. ತಿರುಪ್ಪೂರಿನಿಂದ ಪ್ಲೇನ್ ಟೀ ಶರ್ಟ್ ತರಿಸಿ, ಅದರ ಮೇಲೆ ಕತ್ತರಿಸಿದ ವಿನೈಲ್ (ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ) ಇಟ್ಟು ಹೀಟ್ ಪ್ರೆಸ್‌ನಲ್ಲಿ ಒತ್ತಿ ಕೊಡುತ್ತೇವೆ. ವರ್ಷವಿಡೀ ಕಬಡ್ಡಿ ತಂಡಗಳ ಹೆಸರು, ನಂಬರ್. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವದ ಆರ್ಡರ್.

ನಂಬರು, ಇಂಗ್ಲಿಷ್ ಹೆಸರು ಪ್ಲಾಟರ್‌ನಲ್ಲಿ ಚೆನ್ನಾಗಿಯೇ ಬಂದವು. ತೊಂದರೆ ಶುರುವಾಗಿದ್ದು ಕನ್ನಡದಲ್ಲಿ. ನಮ್ಮ ಅಕ್ಷರ ಎಲ್ಲಾ ದುಂಡು, ಅಲ್ವಾ? ಬ್ಲೇಡಿನ ತುದಿ ಅದು ತಿರುಗುವ ಅಕ್ಷದ ನಟ್ಟನಡುವೆ ಇರುವುದಿಲ್ಲ, ಸಾಮಾನ್ಯವಾಗಿ 0.25 ಮಿ.ಮೀ. ಪಕ್ಕಕ್ಕಿರುತ್ತದೆ. ಇದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ಈ ಲೆಕ್ಕ ತಪ್ಪಿದರೆ ಗೆರೆ ಸುತ್ತಿ ಬಂದು ಶುರುವಾದ ಜಾಗಕ್ಕೆ ಸೇರುವುದೇ ಇಲ್ಲ. ಕೂದಲೆಳೆಯಷ್ಟು ವಿನೈಲ್ ಕತ್ತರಿಸದೆ ಉಳಿದುಬಿಡುತ್ತದೆ.

ದೊಡ್ಡ ನಂಬರಿನಲ್ಲಿ ಅದು ಕಾಣುವುದೂ ಇಲ್ಲ. ಆದರೆ ‘ಕನ್ನಡ’ದ ನ ಒತ್ತು, ‘ಕರ್ನಾಟಕ’ದ ಅರ್ಕಾವೊತ್ತು ಇವೆಯಲ್ಲ, ಅವು ಅಕ್ಕಿಕಾಳಿನಷ್ಟು ಚೂರುಗಳು. ವೀಡಿಂಗ್ ಮಾಡುವಾಗ, ಅಂದರೆ ಬೇಡದ ವಿನೈಲ್ ಕಿತ್ತು ತೆಗೆಯುವಾಗ, ಅದರ ಜೊತೆ ಅವೂ ಎದ್ದು ಬರುತ್ತವೆ. ಒತ್ತು ಹೋದರೆ ಆ ಪೀಸ್ ಕಸದ ಬುಟ್ಟಿಗೇ.

ಪ್ಲಾಟರ್ ಬಳಸುತ್ತಿದ್ದ ಆ ವರ್ಷ 60 ಶರ್ಟಿನ ಆರ್ಡರ್ ಇತ್ತು. ಆಫ್‌ಸೆಟ್ ಹೆಚ್ಚು ಕಡಿಮೆ ಮಾಡಿ ನೋಡಿದೆ. ಬ್ಲೇಡ್ ಹೊಸದು ಹಾಕಿದೆ. ಒತ್ತಡ ಜಾಸ್ತಿ ಮಾಡಿದರೆ ಕೆಳಗಿನ ಪ್ಲಾಸ್ಟಿಕ್ ಹಾಳೆಯೂ ಕತ್ತರಿಸಿಹೋಯಿತು. ಗೆರೆಯನ್ನು ಸ್ವಲ್ಪ ಮುಂದೆ ಎಳೆದು ಮುಗಿಸುವ ಓವರ್‌ಕಟ್ ಆಯ್ಕೆ ಅದರ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಕೊನೆಗೆ ನಾನೂ ನನ್ನ ಹೆಂಡತಿಯೂ ರಾತ್ರಿ ಎರಡರವರೆಗೆ ಕೂತು, ಪ್ರತಿ ಒತ್ತನ್ನೂ ಚಿಕ್ಕ ಬ್ಲೇಡಿನಿಂದ ಬಿಡಿಸಿದೆವು.

ಒಂದು ಮಾತು ಮೆಷಿನ್ ಪರವಾಗಿಯೂ ಹೇಳಬೇಕು. ಅಕ್ಷರದ ಮಧ್ಯೆ ಅಡ್ಡ ಕಟ್ ಬಿದ್ದರೆ ಅದು ಮೆಷಿನ್ನಿನ ತಪ್ಪಲ್ಲ. ಎಷ್ಟೋ ಫಾಂಟ್‌ಗಳಲ್ಲಿ ಒತ್ತು, ಗುಣಿತದ ಚಿಹ್ನೆ ಒಂದರ ಮೇಲೊಂದು ಕೂತಿರುತ್ತವೆ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಅಕ್ಷರವನ್ನು ಪಾತ್ (ಗೆರೆಯ ಆಕಾರ) ಮಾಡಿ, ಎಲ್ಲವನ್ನೂ ಒಂದಾಗಿಸುವ ಯೂನಿಯನ್ ಕೊಟ್ಟೇ ಕಳಿಸಬೇಕು.

ಕ್ಯಾಮಿಯೋದಲ್ಲಿ ಅದೇ ಫೈಲ್ ಹಾಕಿದೆ. ಒತ್ತುಗಳು ಜಾಗ ಬಿಟ್ಟು ಕದಲಲಿಲ್ಲ. ಆಟೋಬ್ಲೇಡ್ ತನ್ನ ಆಳವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಸದ್ದೂ ಕಡಿಮೆ, ಮಗು ಮಲಗಿದ್ದಾಗಲೂ ಓಡಿಸಬಹುದು. ಅದರ ಜೊತೆಗಿನ ಉಚಿತ ಸಾಫ್ಟ್‌ವೇರ್ ಇಂಕ್‌ಸ್ಕೇಪಿನ ಎಸ್‌ವಿಜಿ ಫೈಲ್ ತೆರೆಯುವುದಿಲ್ಲ, ಅದಕ್ಕೆ ಡಿಸೈನರ್ ಎಡಿಷನ್ ಅನ್ನುವ ಆವೃತ್ತಿಗೆ ದುಡ್ಡು ಕೊಡಬೇಕು. ನಾನು ಕೊಟ್ಟೆ.

ಅಗಲದ ಕೊರತೆ ಮಾತ್ರ ನಿಜ. ನಾನು ತರಿಸುವ ವಿನೈಲ್ ರೋಲ್ 50 ಸೆಂ.ಮೀ. ಅಗಲ, ಉದ್ದಕ್ಕೆ ಸೀಳಿಕೊಳ್ಳಲೇಬೇಕು. ಉಳಿಯುವ 20 ಸೆಂ.ಮೀ. ಪಟ್ಟಿಯನ್ನು ಮ್ಯಾಟ್ (ಮೆಷಿನ್ನಿಗೆ ಹಾಕುವ ಅಂಟಿನ ಹಾಳೆ) ಮೇಲೆ ಅಂಟಿಸಿ, ಜೇಬಿನ ಲೋಗೋಗೆ ಬಳಸುತ್ತೇನೆ.

ಗೆಳೆಯನ ಬೋರ್ಡ್ ಅಂಗಡಿಯಲ್ಲಿ ಗ್ರಾಫ್‌ಟೆಕ್ ಕಂಪನಿಯ ಸರ್ವೋ ಮೋಟರಿನ ಪ್ಲಾಟರ್ ಇದೆ. ಅದರ ಕಟಿಂಗ್ ನೋಡಿದರೆ ಆಸೆಯಾಗುತ್ತದೆ. ಆದರೆ ನನಗೆ ಹೇಳಿದ ಬೆಲೆ ಲಕ್ಷ ದಾಟಿತ್ತು. ತಿಂಗಳಿಗೆ ನೂರು, ನೂರೈವತ್ತು ಶರ್ಟ್ ಮಾಡುವ ನನಗೆ ಅದು ಹೊರೆ.

ನಿಮ್ಮದು ಬರೀ ಜೆರ್ಸಿ ನಂಬರಿನ ಕೆಲಸವಾದರೆ ಕಡಿಮೆ ಬೆಲೆಯ ದೊಡ್ಡ ಪ್ಲಾಟರ್ ಸಾಕು. ಕನ್ನಡ ಬೇಕಾದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ‘ಕರ್ನಾಟಕ’ ಅಂತ ಒಂದೂವರೆ ಸೆಂ.ಮೀ. ಎತ್ತರಕ್ಕೆ ಕತ್ತರಿಸಿ ಕೊಡಿ ಅನ್ನಿ. ವೀಡಿಂಗ್ ನೀವೇ ಮಾಡಿ ನೋಡಿ.