ಆರು ಮಳೆಗಾಲ ಕಂಡ ಹಿತ್ತಾಳೆ ಹತ್ತರಿ: ಮನೆಯಲ್ಲೇ ಮಾಡಿಕೊಂಡ ಇನ್‌ಫಿಲ್ ಪ್ಲೇನ್‌ನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ: ಹಲಗೆ ಕೀಸಲು ಒಂದು ಒಳ್ಳೆಯ ಹತ್ತರಿ ಬೇಕು, ಅಷ್ಟೇ ಎನ್ನುವವರು ಇದನ್ನು ಮಾಡಲು ಹೋಗಬೇಡಿ. ಅಂಗಡಿಯಿಂದ ನಾಲ್ಕನೇ ನಂಬರಿನ, ಅಂದರೆ ಸಾಮಾನ್ಯ ಅಳತೆಯ ಕಬ್ಬಿಣದ ಹತ್ತರಿ ತಂದು ಅಲಗನ್ನು ಚೆನ್ನಾಗಿ ಸಾಣೆ ಹಿಡಿದುಕೊಳ್ಳಿ. ಆರು ವರ್ಷದ ಹಿಂದೆ ಇದೇ ಮಾತನ್ನು ಯಾರಾದರೂ ನನಗೆ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ. ನೀವೂ ಕೇಳುವುದಿಲ್ಲ ಎಂದುಕೊಂಡೇ ಮುಂದೆ ಬರೆಯುತ್ತಿದ್ದೇನೆ.

ಶಾಲೆಯ ಪುಸ್ತಕದಲ್ಲಿ ಉಜ್ಜುಗೊರಡು ಎಂದು ಓದಿದ್ದೆವಲ್ಲ, ಅದರಲ್ಲೇ ಇನ್‌ಫಿಲ್ ಪ್ಲೇನ್ ಒಂದು ಜಾತಿ. ತಳ ಉಕ್ಕಿನದು, ಎರಡು ಬದಿ ಹಿತ್ತಾಳೆಯವು, ಈ ಲೋಹದ ತೊಟ್ಟಿಯೊಳಗೆ ಗಟ್ಟಿಮರವನ್ನು ಬಿಗಿಯಾಗಿ ತುಂಬಿರುತ್ತಾರೆ. ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ ಸ್ಟುವರ್ಟ್ ಸ್ಪಿಯರ್ಸ್ 19ನೇ ಶತಮಾನದ ನಡುವಿನಲ್ಲಿ ಇವನ್ನು ಮಾಡಿ ಹೆಸರಾದ. ಆಮೇಲೆ ಲಂಡನ್ನಿನ ನಾರಿಸ್ ಕಂಪನಿ 1913ರಲ್ಲಿ ಅಲಗನ್ನು ತಿರುಪಿನಿಂದ ಮುಂದೆ ಹಿಂದೆ ಸರಿಸುವ ಏರ್ಪಾಡಿಗೆ ಪೇಟೆಂಟ್ ಪಡೆಯಿತು. ಅವರು ತುಂಬುತ್ತಿದ್ದ ಮರ ಬಹುಪಾಲು ರೋಸ್‌ವುಡ್, ನಮ್ಮ ಬೀಟೆಯ ಕುಲದ್ದು. ನಮ್ಮ ಮಲೆನಾಡಿನ ಕಾಡಿನಲ್ಲಿ ಬೆಳೆಯುವ ಮರದ ನೆಂಟನನ್ನು ತುಂಬಿದ ಹತ್ತರಿಯನ್ನು ಚಿಕ್ಕಮಗಳೂರಿನವನೊಬ್ಬ ಅಂತರ್ಜಾಲದ ಚಿತ್ರದಲ್ಲಿ ನೋಡಿ ಬಾಯಿ ಬಿಡುವುದೇ ಒಂದು ತಮಾಷೆ.

ನನಗೆ ಇದರ ಹುಚ್ಚು ಹಿಡಿಸಿದ್ದು ಸಿಲ್ವರ್ ಓಕ್. ಕಾಫಿ ತೋಟದವರು ನೆರಳು ಸವರುವಾಗ ಬೀಳಿಸಿದ ಮರದ ಹಲಗೆ ನಮಗೆ ಅಗ್ಗಕ್ಕೆ ಸಿಗುತ್ತದೆ. ಸರಿಯಾಗಿ ಕೊಯ್ಸಿದರೆ ಮೈಯೆಲ್ಲ ಮೀನಿನ ಪೊರೆಯಂತೆ ಮಿನುಗುತ್ತದೆ. ತೊಂದರೆಯೆಂದರೆ ಆ ಮಿನುಗುವ ಪೊರೆಗಳೇ ಹತ್ತರಿಗೆ ಸಿಕ್ಕಿ ಚಕ್ಕೆಯೆದ್ದು ಬರುತ್ತವೆ. ಹೊನ್ನೆಯ ಹಟವೇ ಬೇರೆ. ಅದರ ನಾರು ಒಂದು ಗೇಣು ಈ ಕಡೆ ಮಲಗಿದ್ದರೆ ಮುಂದಿನ ಗೇಣು ಆ ಕಡೆ ಮಲಗಿರುತ್ತದೆ, ಯಾವ ಕಡೆಯಿಂದ ಕೀಸಿದರೂ ಅರ್ಧ ಹಲಗೆ ಮುನಿಸಿಕೊಳ್ಳುತ್ತದೆ. ದಪ್ಪ ಅಲಗು, ಕಿರಿದಾದ ಬಾಯಿ (ತಳದಲ್ಲಿ ಅಲಗು ಹೊರಬರುವ ಸಂದು), ಭಾರವಾದ ಮೈ ಇದ್ದರೆ ಇಂಥ ಮರವೂ ಬಗ್ಗುತ್ತದೆ ಎಂದು ಓದಿದ್ದೆ. 2018ರ ಗೌರಿ ಹಬ್ಬ ಮುಗಿದ ಮೇಲೆ ಗುಜರಿ ಅಂಗಡಿಯಿಂದ 4 ಮಿ.ಮೀ. ಹಿತ್ತಾಳೆ ತಗಡು, ವೆಲ್ಡಿಂಗ್ ಶಾಪಿನಿಂದ 8 ಮಿ.ಮೀ. ಉಕ್ಕಿನ ಪಟ್ಟಿ ತಂದು ಕಾರಿನ ಶೆಡ್ಡಿನಲ್ಲಿ ಕೂತೆ. ಮುಗಿದದ್ದು ಮರುವರ್ಷದ ಫೆಬ್ರುವರಿಯಲ್ಲಿ, ಅದೂ ಭಾನುವಾರ ಭಾನುವಾರ ಮಾಡಿ.

ಮಾಡುವ ಕೆಲಸದಲ್ಲಿ ಮರೆಯಲಾರದ್ದು ಡವ್‌ಟೇಲ್ ಜೋಡಣೆ, ಅಂದರೆ ಪಾರಿವಾಳದ ಬಾಲದಂತೆ ತುದಿ ಅಗಲವಾದ ಹಲ್ಲುಗಳನ್ನು ಒಂದರೊಳಗೊಂದು ಕೂಡಿಸುವುದು. ಮರದ ಡವ್‌ಟೇಲನ್ನು ಒಂದು ದಿಕ್ಕಿನಿಂದಾದರೂ ಬಿಡಿಸಬಹುದು. ಇಲ್ಲಿ ಹಿತ್ತಾಳೆಯ ಹಲ್ಲನ್ನೂ ಉಕ್ಕಿನ ಹಲ್ಲನ್ನೂ ಒಂದು ಮಿಲಿಮೀಟರು ಹೊರಚಾಚುವಂತೆ ಬಿಟ್ಟು, ಗುಂಡುತಲೆಯ ಸುತ್ತಿಗೆಯಿಂದ ಬಡಿದು ಬಡಿದು ಅಕ್ಕಪಕ್ಕದ ಸಂದಿನೊಳಗೆ ಹರಿಯುವಂತೆ ಮಾಡಬೇಕು. ಬೆಂಕಿಯಿಲ್ಲ, ಬೆಸುಗೆಯಿಲ್ಲ. ಹಿತ್ತಾಳೆ ಮೊದಲು ಮೆತ್ತಗೆ ಹರಡುತ್ತದೆ, ಆಮೇಲೆ ಪೆಟ್ಟು ತಿಂದು ಗಡುಸಾಗುತ್ತದೆ, ಸುತ್ತಿಗೆಯ ಸದ್ದು ‘ಟಪ್’ನಿಂದ ‘ಟಣ್’ಗೆ ಬದಲಾಗುತ್ತದೆ. ಆ ಸದ್ದು ಬಂದ ಮೇಲೂ ಬಡಿದರೆ ಅಂಚು ಸೀಳುತ್ತದೆ. ಎಡಬದಿಯ ಮೂರನೇ ಹಲ್ಲಿನಲ್ಲಿ ನಾನು ಹಾಗೆ ಬಡಿದೆ, ಸಾಸಿವೆಯಷ್ಟು ಕಪ್ಪು ಚುಕ್ಕೆ ಇಂದಿಗೂ ಇದೆ. ಉಳಿದೆಡೆ ಅರದಿಂದ ಸಮ ಮಾಡಿದಾಗ ಹಳದಿಯೂ ಬಿಳಿಯೂ ಕೂದಲೆಳೆಯ ಗೆರೆಯಲ್ಲಿ ಕೂಡಿಕೊಂಡವು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ “ಪಾತ್ರೆ ಅಂಗಡಿ ಇಡುತ್ತೀರಾ?” ಎಂದು ಕೇಳಿದ್ದು ಆ ತಿಂಗಳಲ್ಲೇ.

ಅಲಗಿಗೆ ಓಎಚ್‌ಎನ್‌ಎಸ್ ಉಕ್ಕು (ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡುಸಾಗುವ ಉಕ್ಕು), 5 ಮಿ.ಮೀ. ದಪ್ಪ, 50 ಮಿ.ಮೀ. ಅಗಲ. ಇದ್ದಿಲಿನ ಒಲೆಗೆ ಹಳೆಯ ಹೇರ್ ಡ್ರೈಯರ್‌ನಿಂದ ಗಾಳಿ ಕೊಟ್ಟು, ಅಯಸ್ಕಾಂತಕ್ಕೆ ಅಂಟುವುದು ನಿಂತ ಮೇಲೂ ಇನ್ನಷ್ಟು ಕೆಂಪಾಗಿಸಿ, ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿದೆ. ಬೀದಿಯೆಲ್ಲ ಬಜ್ಜಿ ಕರಿದ ವಾಸನೆ. ಅರ ಅದರ ಮೇಲೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಆಮೇಲೆ ಅಡುಗೆಮನೆಯ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಟ್ಟೆ, ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಈ ಆರು ವರ್ಷದಲ್ಲಿ ಅಂಚು ಒಮ್ಮೆಯೂ ಮುಕ್ಕಾಗಿಲ್ಲ. ಇಡೀ ಹತ್ತರಿಯಲ್ಲಿ ನಾನು ಕಣ್ಣುಮುಚ್ಚಿ ಪೂರ್ತಿ ಅಂಕ ಕೊಡುವ ಭಾಗ ಇದೊಂದೇ.

ಅಲಗು ಕೂರುವ ಓರೆ 50 ಡಿಗ್ರಿ, ಅಂಗಡಿಯ ಹತ್ತರಿಗಿಂತ ಐದು ಡಿಗ್ರಿ ಹೆಚ್ಚು. ತೂಕ 2 ಕಿಲೋ ಮೀರುತ್ತದೆ. ಸರಿಸುವ ತಿರುಪನ್ನು ಇಡಲಿಲ್ಲ, ಇಡುವ ಕೌಶಲವೂ ಇರಲಿಲ್ಲ. ಸಣ್ಣ ಸುತ್ತಿಗೆಯಿಂದ ಅಲಗಿನ ತಲೆಗೆ ತಟ್ಟಿ ಸರಿಮಾಡಬೇಕು. ಮೊದಮೊದಲು ಇದು ದೊಡ್ಡ ಕೊರತೆ ಎನ್ನಿಸಿತ್ತು. ನಮ್ಮ ಮನೆಯ ಬಾಗಿಲು ಕಿಟಕಿ ಮಾಡಿದ ಆಚಾರ್ರು ಒಂದು ದಿನ ಬಂದು ಇದನ್ನು ತಿರುವಿಹಾಕಿ, ಒಂದು ಕಣ್ಣು ಮುಚ್ಚಿ ತಳದುದ್ದಕ್ಕೂ ನೋಡಿ, ಎರಡೇ ತಟ್ಟಿನಲ್ಲಿ ಅಲಗನ್ನು ಕೂರಿಸಿ, ಸಿಗರೇಟಿನ ಹಾಳೆಯಷ್ಟು ತೆಳುವಾದ ಸುರುಳಿ ತೆಗೆದರು. “ನಮ್ಮ ಮರದ ಹತ್ತರಿಗೇ ಹಿತ್ತಾಳೆ ಅಂಗಿ ಹೊಲಿಸಿದ್ದೀರಿ ಸಾರ್” ಎಂದರು. ಅಲಗನ್ನು ಹಿಂದಕ್ಕೆ ಎಳೆಯಲು ಮರದ ಹತ್ತರಿಯ ರೂಢಿಯಲ್ಲೇ ಅವರು ಹತ್ತರಿಯ ಹಿಂತುದಿಗೆ ಹೊಡೆಯಲು ಸುತ್ತಿಗೆ ಎತ್ತಿದಾಗ ಮಾತ್ರ ನಾನು ಕೂಗಿಕೊಂಡೆ.

ಇನ್ನು ಮಳೆಗಾಲದ ವಿಷಯ. ಇದನ್ನು ಬರೆಯಲಿಕ್ಕೆಂದೇ ಈ ವಿಮರ್ಶೆ. ಇಂಗ್ಲೆಂಡಿನವರು ಬರೆದ ಯಾವ ಲೇಖನದಲ್ಲೂ ನನಗೆ ನಮ್ಮ ಜುಲೈ ಸಿಗಲಿಲ್ಲ.

ಫೆಬ್ರುವರಿಯ ಒಣ ಹವೆಯಲ್ಲಿ, ಪೀಠೋಪಕರಣದ ಅಂಗಡಿಯಿಂದ ತಂದ ಬೀಟೆಯ ತುಂಡನ್ನು ಬೆರಳುಗುರು ತೂರದಂತೆ ಬಿಗಿಯಾಗಿ ತುಂಬಿ, ಅಂಟು ಹಾಕಿ, ಆರಪಾರ ಮೊಳೆ ಹೊಡೆದು ಹೆಮ್ಮೆಪಟ್ಟಿದ್ದೆ. ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುವ ದಿನಗಳು ಬಂದಾಗ ಹತ್ತರಿಯೊಳಗಿನ ಮರವೂ ಉಬ್ಬಿತು. ಬದಿಗಳ ಮೇಲಂಚು ಹೆಚ್ಚುಕಡಿಮೆ ಅರ್ಧ ಮಿಲಿಮೀಟರು ಹೊರಕ್ಕೆ ವಾಲಿತು. ಅದನ್ನಾದರೂ ಸಹಿಸಬಹುದಿತ್ತು. ಅಲಗಿನ ಕೆಳಗಿನ ಮರದ ಹಾಸು ಉಬ್ಬಿ, ಬಾಯಿಯ ಹತ್ತಿರದ ಉಕ್ಕಿನ ಅಂಚಿನಿಂದ ಅಲಗನ್ನು ಮೇಲೆತ್ತಿಬಿಟ್ಟಿತು. ಆಸರೆ ತಪ್ಪಿದ ಅಲಗು ನಡುಗಿ, ಹಲಗೆಯ ಮೇಲೆ ಕೆರೆಯ ನೀರಿನಂತೆ ಸಣ್ಣ ಅಲೆ ಬಿಡತೊಡಗಿತು. ಕಾರಣ ತಿಳಿಯದೆ ಒಂದು ತಿಂಗಳು ಅಲಗಿಗೇ ಸಾಣೆ ಹಿಡಿಯುತ್ತಾ ಕೂತೆ.

ಮರುವರ್ಷ ಮೊಳೆಗಳನ್ನು ಡ್ರಿಲ್ ಮಾಡಿ ತೆಗೆದು, ಅಜ್ಜನ ಕಾಲದ ಮುರಿದ ಮಂಚದ ಕಾಲಿನಿಂದ ಹೊಸ ತುಂಬು ಮಾಡಿದೆ. ಹಳೆಯ ಮರಕ್ಕೆ ಮಳೆ ಗೊತ್ತಾಗುವುದಿಲ್ಲ ಎಂಬ ನಂಬಿಕೆ. ಗೊತ್ತಾಗುತ್ತದೆ. ಉಪಯೋಗಕ್ಕೆ ಬಂದದ್ದು ಮರದ ವಯಸ್ಸಲ್ಲ, ಕೊಯ್ದ ದಿಕ್ಕು: ವರ್ಷದ ಉಂಗುರಗಳು ಬದಿಗಳಿಗೆ ಸಮಾನಾಂತರವಾಗಿ ನಿಲ್ಲುವಂತೆ ಕೊಯ್ದರೆ ಅಗಲದಲ್ಲಿ ಉಬ್ಬುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಹಾಸಿನ ನಡುಭಾಗವನ್ನು ಕಾಗದದ ದಪ್ಪದಷ್ಟು ತಗ್ಗು ಮಾಡಿದೆ. ಈಗ ಅಲಗು ಕೆಳಗೆ ಉಕ್ಕಿನ ಅಂಚಿನ ಮೇಲೆ, ಮೇಲೆ ಮರದ ತುದಿಯ ಮೇಲೆ ಮಾತ್ರ ಕೂರುತ್ತದೆ. ಮರ ಉಬ್ಬಿದರೂ ಓರೆ ಒಂದಿಷ್ಟು ಬದಲಾಗುತ್ತದೆಯೇ ಹೊರತು ಬಾಯಿಯ ಬಳಿಯ ಆಸರೆ ತಪ್ಪುವುದಿಲ್ಲ. ಜೂನ್ ಕೊನೆಗೊಮ್ಮೆ ಅಲಗಿನ ಬೆನ್ನಿಗೆ ದೀಪದ ಮಸಿ ಎಣ್ಣೆ ಸವರಿ ಒತ್ತಿ ನೋಡುತ್ತೇನೆ. ಉಕ್ಕಿನ ಅಂಚಿನುದ್ದಕ್ಕೂ ಕಪ್ಪು ಗೆರೆ ಬಿದ್ದರೆ ಆ ವರ್ಷಕ್ಕೆ ನಿಶ್ಚಿಂತೆ.

ತುಕ್ಕಿಗೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಡಿಸೆಂಬರಿನ ಬೆಳಿಗ್ಗೆ ಅದು ತಳದ ಮೇಲೆ ಬೆಣ್ಣೆಯಂತೆ ಹೆಪ್ಪುಗಟ್ಟಿರುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೇ ಸರಿ. ಅದಕ್ಕಿಂತ ದೊಡ್ಡ ಅನಾಹುತ ಆದದ್ದು 2021ರ ಆಯುಧಪೂಜೆಯ ಹಿಂದಿನ ದಿನ. ಕಿಲುಬು ಹಿಡಿದ ಹಿತ್ತಾಳೆ ಕಂಡ ಅಮ್ಮ ದೇವರ ದೀಪಗಳ ಜೊತೆಗೆ ಇದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಬಿಸಿಲಿಗಿಟ್ಟರು. ಬದಿಗಳು ಬಂಗಾರದಂತೆ ಹೊಳೆದವು, ತಳ ಸಂಜೆಯೊಳಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. “ಹೊಳೆಯುವ ಸಾಮಾನನ್ನು ಹಾಗೆ ಬಿಡಬಾರದು ಕಣೋ” ಎಂದು ಅವರೇ ನನ್ನ ಮೇಲೆ ರೇಗಿದರು. ಗ್ರಾನೈಟ್ ತುಂಡಿನ ಮೇಲೆ ಮರಳುಕಾಗದ ಅಂಟಿಸಿ ಎರಡು ಸಂಜೆ ಉಜ್ಜಿದ ಮೇಲೆ ತಳ ಮತ್ತೆ ಸಮತಟ್ಟಾಯಿತು. ಈಗ ಹಬ್ಬಕ್ಕೆ ಮುಂಚೆ ನಾನೇ ಒರೆಸಿ, ಕುಂಕುಮ ಇಡುವಷ್ಟು ಜಾಗ ಬಿಟ್ಟು ಬಟ್ಟೆ ಸುತ್ತಿ ಕೊಡುತ್ತೇನೆ.

ಕೆಲಸದಲ್ಲಿ ಹೇಗಿದೆ? ಹೊನ್ನೆಯ ಮೇಲೆ ಇದಕ್ಕೆ ನನ್ನ ಶೆಡ್ಡಿನಲ್ಲಿ ಸಾಟಿಯಿಲ್ಲ. ಭಾರವೇ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ, ಗಂಟು ಬಂದರೂ ಅಲಗು ಅಳುಕುವುದಿಲ್ಲ. ಆದರೆ ಅರ್ಧ ಗಂಟೆಯ ಮೇಲೆ ಮಣಿಕಟ್ಟು ನೋಯುತ್ತದೆ. ಒರಟು ಕೆಲಸಕ್ಕೆ ಇದು ಬೇಡವೇ ಬೇಡ: ಬಾಯಿ ಕಿರಿದಾದ್ದರಿಂದ ದಪ್ಪ ಸಿಪ್ಪೆ ಸಿಕ್ಕಿಹಾಕಿಕೊಳ್ಳುತ್ತದೆ.

ಸಿಲ್ವರ್ ಓಕ್ ವಿಷಯದಲ್ಲಿ ಮಾತ್ರ ನನ್ನ ಅಹಂಕಾರ ಮುರಿಯಿತು. 2022ರಲ್ಲಿ ಅಂಗಡಿಯ ಹಳೆಯ ಹತ್ತರಿಯನ್ನು ಬಿಚ್ಚಿದವನು, ಅಲಗಿನ ಮೇಲೆ ಕೂರುವ ಕ್ಯಾಪ್ ಪಟ್ಟಿಯ ಅಂಚನ್ನು ತಿದ್ದಿ, ಅದನ್ನು ಅಲಗಿನ ತುದಿಗೆ ಎರಡು ಕೂದಲಿನಷ್ಟು ಹತ್ತಿರಕ್ಕೆ ತಂದು ಬಿಗಿದೆ. ಚಕ್ಕೆಯೇಳುವುದು ನಿಂತೇಹೋಯಿತು. ಎದ್ದೇಳುವ ಸಿಪ್ಪೆಯನ್ನು ಪಟ್ಟಿ ಆ ಕ್ಷಣದಲ್ಲೇ ಮುರಿದು ಮಡಚುತ್ತದೆ, ಸೀಳು ಮರದೊಳಕ್ಕೆ ಓಡಲು ಸಮಯವೇ ಇರುವುದಿಲ್ಲ. ಮಗಳನ್ನು ಕರೆದು, ಯಾವುದು ಯಾವ ಹತ್ತರಿಯದು ಎಂದು ಹೇಳದೆ ಎರಡು ಹಲಗೆ ಸವರಿ ನೋಡಲು ಕೊಟ್ಟೆ. ಅವಳು ಮೆಚ್ಚಿದ್ದು ಅಂಗಡಿಯ ಹತ್ತರಿಯ ಹಲಗೆಯನ್ನು. ಐದು ತಿಂಗಳ ಭಾನುವಾರಗಳು, ನಾಲ್ಕು ಸವೆದ ಅರಗಳು, ಸಾಮಗ್ರಿಗೆ ಸುಮಾರು 4,300 ರೂಪಾಯಿ, ಎಲ್ಲ ಕಣ್ಣಮುಂದೆ ಬಂದವು. ಆದರೂ ಮರುದಿನ ಕೈ ಹೋದದ್ದು ಹಿತ್ತಾಳೆಯ ಹತ್ತರಿಗೇ.

ಇಷ್ಟಾದ ಮೇಲೂ ಮಾಡಲೇಬೇಕೆಂದರೆ ಒಂದು ಮಾತು. ಲೋಹದ ಕೆಲಸ ಯಾವಾಗ ಬೇಕಾದರೂ ಮಾಡಿ, ಮರ ತುಂಬುವುದನ್ನು ಮಾತ್ರ ಅಕ್ಟೋಬರ್ ಕೊನೆಗೆ ಇಟ್ಟುಕೊಳ್ಳಿ. ಮಳೆಯ ತೇವ ಇಳಿದು, ಬೇಸಿಗೆಯ ಒಣಗು ಇನ್ನೂ ಶುರುವಾಗದ ದಿನಗಳು ಅವು. ಮಾರ್ಚ್ ಹೊತ್ತಿಗೆ ಮರಕ್ಕೂ ಹಿತ್ತಾಳೆಗೂ ನಡುವೆ ಸಣ್ಣ ಸಂದು ಕಾಣಿಸುತ್ತದೆ. ಅದಕ್ಕೆ ಏನನ್ನೂ ತುಂಬಬೇಡಿ, ಜೂನ್‌ನಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.