ವೆನಿಸ್‌ನಲ್ಲಿ ತೂಕ ಕೇಳದೆ ಮೀನಿಗೆ ಹೂಂ ಅನ್ನಬೇಡಿ

ಅಪ್ಪ ಅಮ್ಮನನ್ನು, ಮಕ್ಕಳನ್ನು ಕರೆದುಕೊಂಡು ಯೂರೋಪ್ ನೋಡಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ವೆನಿಸ್‌ನಲ್ಲಿ ಒಂದೇ ಒಂದು ಮಧ್ಯಾಹ್ನದ ಊಟಕ್ಕೆ ನಮ್ಮಿಂದ 315 ಯೂರೋ 84 ಸೆಂಟ್ ಹೋಯಿತು. ಮೂವತ್ತು ಸಾವಿರ ರೂಪಾಯಿಗೂ ಜಾಸ್ತಿ. ನಾವು ಅಂದುಕೊಂಡಿದ್ದು ಎಂಬತ್ತು ಯೂರೋ ಒಳಗೆ ಮುಗಿಯುತ್ತೆ ಅಂತ.

ನಾವು ಆರು ಜನ. ಅಪ್ಪ, ಅಮ್ಮ, ನಾವಿಬ್ಬರು, ಎರಡು ಮಕ್ಕಳು. ರೋಮ್, ಫ್ಲಾರೆನ್ಸ್, ವೆನಿಸ್, ಕೊನೆಗೆ ಪ್ಯಾರಿಸ್. ಅಪ್ಪ ಮಲ್ಪೆ ಕಡೆಯವರು. ಮೀನಿಲ್ಲದ ಊಟ ಅವರಿಗೆ ಊಟವೇ ಅಲ್ಲ. ಆದರೂ ಮೊದಲ ಆರು ದಿನ ಪಿಜ್ಜಾ, ಪಾಸ್ತಾ, ಬ್ರೆಡ್ ಏನು ಸಿಕ್ಕಿತೋ ಅದನ್ನೇ ಸುಮ್ಮನೆ ತಿಂದರು. ವೆನಿಸ್‌ನಲ್ಲಿ ಸಾನ್ ಮಾರ್ಕೊ ಚೌಕದಿಂದ ರಿಯಾಲ್ಟೊ ಸೇತುವೆ ಕಡೆ ನಡೆಯುವಾಗ ಒಂದು ಹೋಟೆಲ್ ಬಾಗಿಲಲ್ಲಿ ಐಸ್ ಮೇಲೆ ಮೀನು ಜೋಡಿಸಿಟ್ಟಿದ್ದರು. ಅಪ್ಪ ಅಲ್ಲೇ ನಿಂತುಬಿಟ್ಟರು. ಆ ಮುಖ ನೋಡಿ ನಾನೇ ಎಲ್ಲರನ್ನೂ ಒಳಗೆ ಕರೆದುಕೊಂಡು ಹೋದೆ.

ಮೆನುವಿನಲ್ಲಿ ಪಾಸ್ತಾಗೆ 17 ಯೂರೋ ಇತ್ತು. ಸುಟ್ಟ ಮೀನಿಗೆ 8 ಯೂರೋ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಸಮುದ್ರದ ಮೀನು ಹಿಟ್ಟಿನ ತಿಂಡಿಗಿಂತ ಅಗ್ಗವಾಗಿ ಎಲ್ಲಿ ಸಿಗುತ್ತೆ? ನಾನು ಯೋಚಿಸಲಿಲ್ಲ. ಎರಡು ಮೀನು ಹೇಳಿದೆ. ಅಮ್ಮನಿಗೆ, ಮಕ್ಕಳಿಗೆ ಅಂತ ಮೂರು ಪಾಸ್ತಾ, ಎರಡು ಬಾಟಲಿ ನೀರು.

ಸ್ವಲ್ಪ ಹೊತ್ತಿಗೆ ವೇಟರ್ ಒಂದು ಸ್ಟೀಲ್ ತಟ್ಟೆಯಲ್ಲಿ ಎರಡು ಹಸಿ ಮೀನು ತಂದು ಅಪ್ಪನ ಮುಂದೆ ಹಿಡಿದ. ದೊಡ್ಡ ದೊಡ್ಡ ಮೀನು. ಬೆಳ್ಳಿ ಬಣ್ಣ, ಕಣ್ಣು ಇನ್ನೂ ಹೊಳೆಯುತ್ತಿತ್ತು. ಅಪ್ಪ ಬೆರಳಿನಿಂದ ಕಿವಿರು ಎತ್ತಿ ನೋಡಿದರು. ಮೊಮ್ಮಗನಿಗೂ ತೋರಿಸಿದರು. "ಕೆಂಪು ಉಂಟು ನೋಡು, ಇವತ್ತಿನದ್ದೇ ಮೀನು" ಅಂದರು. ವೇಟರ್ "ಓಕೆ?" ಅಂದ. ನಾವು ಆರೂ ಜನ ತಲೆ ಆಡಿಸಿದೆವು. ಅಷ್ಟೇ.

ಇಟಲಿಯಲ್ಲಿ ಮೀನನ್ನು ಬೇಯಿಸುವ ಮೊದಲು ತಂದು ತೋರಿಸುವುದು ಪದ್ಧತಿ. ನಮಗೆ ಅದು ಮರ್ಯಾದೆ ಅನ್ನಿಸಿತು. ಆದರೆ ಗಿರಾಕಿ ತೂಕ ಕೇಳಬೇಕಾದ ಗಳಿಗೆಯೇ ಅದು. ಒಂದು ಸಲ ಕೆಂಡದ ಮೇಲೆ ಹೋದ ಮೀನನ್ನು ಯಾರೂ ವಾಪಸ್ ತಗೊಳ್ಳಲ್ಲ.

ಊಟ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನಲ್ಲ. ಆಮೇಲೆ ಬಿಲ್ ಬಂತು. ಮೀನಿಗೆ 200 ಯೂರೋ. ತಪ್ಪಾಗಿದೆ ಅಂತಲೇ ನಾನು ಮೆನು ತರಿಸಿದೆ. ವೇಟರ್ ಮೀನಿನ ಸಾಲಿನ ಕೊನೆಗೆ ಬೆರಳಿಟ್ಟು ತೋರಿಸಿದ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಆಲ್ ಎತ್ತೊ' ಅಂತ ಇತ್ತು. ಎತ್ತೊ ಅಂದರೆ ಇಟಲಿಯವರ ಲೆಕ್ಕದಲ್ಲಿ ನೂರು ಗ್ರಾಂ. ಅಂದರೆ 8 ಯೂರೋ ಇಡೀ ಮೀನಿನ ಬೆಲೆ ಅಲ್ಲ, ನೂರು ಗ್ರಾಂ ಬೆಲೆ. ಎರಡು ಮೀನು ಸೇರಿ ಎರಡೂವರೆ ಕಿಲೋ. ಮುಳ್ಳು, ತಲೆ, ಹೊಟ್ಟೆ ಎಲ್ಲಾ ಸೇರಿಸಿ ಹಸಿ ತೂಕ. ಇಪ್ಪತ್ತೈದು ಎತ್ತೊ, ಇನ್ನೂರು ಯೂರೋ.

ಅದರ ಮೇಲೆ 'ಕೋಪರ್ತೊ' ಅಂತ ತಲಾ 3.50 ಯೂರೋ, ಆರು ಜನಕ್ಕೆ 21. ಇದು ಮೇಜಿಗೆ, ಬ್ರೆಡ್ಡಿಗೆ ಹಾಕುವ ದುಡ್ಡು. ಬ್ರೆಡ್ ಮುಟ್ಟದಿದ್ದರೂ ಕೊಡಲೇಬೇಕು. ನೀರಿಗೆ 10, ಪಾಸ್ತಾಗೆ 51. ಎಲ್ಲಾ ಕೂಡಿಸಿ ಅದರ ಮೇಲೆ 12 ಪರ್ಸೆಂಟ್ 'ಸೆರ್ವಿಝಿಯೊ', ಅಂದರೆ ಸೇವೆಯ ಹಣ. ಇಷ್ಟೂ ಮೆನುವಿನ ಕೊನೆಯ ಪುಟದಲ್ಲಿ ಬರೆದಿತ್ತು. ಬರೆದಿದ್ದರಿಂದ ನಮಗೆ ಜಗಳ ಆಡಲು ಏನೂ ಉಳಿಯಲಿಲ್ಲ.

ಅಪ್ಪ ಮೆಲ್ಲಗೆ ತಮ್ಮ ಪರ್ಸ್ ತೆಗೆದರು. ಊರಿಂದ ಹೊರಡುವಾಗ ಪಿಂಚಣಿ ದುಡ್ಡಲ್ಲಿ ಬದಲಾಯಿಸಿಕೊಂಡು ಬಂದ ಮುನ್ನೂರು ಯೂರೋ ಅದರಲ್ಲಿತ್ತು. ಮಕ್ಕಳಿಗೆ ಏನಾದರೂ ಕೊಡಿಸಲು ಇಟ್ಟುಕೊಂಡಿದ್ದು. "ನನ್ನಿಂದ ಆಯ್ತಲ್ಲ ಮಗಾ, ಇದನ್ನು ತಗೋ" ಅಂದರು. ನಾನು ತಗೊಳ್ಳಲಿಲ್ಲ. ಆದರೆ ಆ ಮಾತು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತೆ. ದುಡ್ಡು ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವು. ರಾತ್ರಿ ಊಟಕ್ಕೆ ಕರೆದರೆ ಬಾಳೆಹಣ್ಣು ಸಾಕು ಅಂದರು.

ಕಾರ್ಡ್ ಮೆಷಿನ್ ತಂದಾಗ ಇನ್ನೊಂದು ಏಟು. ಪರದೆ ಮೇಲೆ ಎರಡು ಮೊತ್ತ ಬಂತು, ಒಂದು ಯೂರೋದಲ್ಲಿ, ಒಂದು ರೂಪಾಯಲ್ಲಿ. "ರುಪೀಸ್, ಈಸಿ" ಅಂದ ವೇಟರ್. ತಲೆ ಓಡುತ್ತಿರಲಿಲ್ಲ, ನಾನು ರೂಪಾಯಿಯನ್ನೇ ಒತ್ತಿದೆ. ದಯವಿಟ್ಟು ನೀವು ಹೀಗೆ ಮಾಡಬೇಡಿ. ರೂಪಾಯಿ ಒತ್ತಿದರೆ ವಿನಿಮಯ ದರ ಮೆಷಿನ್ ಕಡೆಯವರು ಹಾಕಿದ್ದೇ ಆಗುತ್ತೆ, ಅದು ನಮ್ಮ ಬ್ಯಾಂಕಿನ ದರಕ್ಕಿಂತ ಸಾಮಾನ್ಯವಾಗಿ ದುಬಾರಿ. ಸಾಲದ್ದಕ್ಕೆ, ಹೊರದೇಶದಲ್ಲಿ ರೂಪಾಯಲ್ಲಿ ಕಟ್ಟಿದರೂ ನಮ್ಮ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಯಾವ ಊರಿನಲ್ಲೇ ಆಗಲಿ, ಎಟಿಎಂನಲ್ಲೂ ಅಷ್ಟೇ, ಯೂರೋವನ್ನೇ ಒತ್ತಿ.

ರೂಮಿಗೆ ಬಂದು ಬಹಳ ಹೊತ್ತು ಯೋಚಿಸಿದೆ. ಮಲ್ಪೆ ಬಂದರಿನಲ್ಲಿ ಅಪ್ಪ ಬೆಲೆ ಕೇಳದೆ ನಾಲ್ಕು ಬಂಗುಡೆಯನ್ನೂ ಚೀಲಕ್ಕೆ ಹಾಕಿಸಿಕೊಂಡವರಲ್ಲ. ಅಮ್ಮ ಅಂತೂ ಮೂರು ಕಡೆ ವಿಚಾರಿಸಿ ಆಮೇಲೆ ಕೊಳ್ಳುವವರು. ಅಲ್ಲಿ ಕೇಳುವ ನಾವು ಇಲ್ಲಿ ಯಾಕೆ ಕೇಳಲಿಲ್ಲ? ಬಿಳಿ ಬಟ್ಟೆ ಹಾಸಿದ ಮೇಜು, ಇಸ್ತ್ರಿ ಮಾಡಿದ ಅಂಗಿಯ ವೇಟರ್, ಸುತ್ತ ಬೇರೆ ದೇಶದವರು. ಹಿರಿಯರ ಎದುರು ಬೆಲೆ ಕೇಳಿದರೆ ಅವರು ತಿನ್ನಲು ಹಿಂಜರಿಯುತ್ತಾರೆ ಅನ್ನೋ ಭಯ ಬೇರೆ. ಈ ಸಂಕೋಚ ನಮ್ಮಲ್ಲಿ ಜಾಸ್ತಿ, ಅಲ್ವಾ? ಪ್ರವಾಸಿಗರ ಜಾಗಗಳಲ್ಲಿ ಕೆಲವರು ಬದುಕುವುದೇ ಇದರ ಮೇಲೆ.

ನಾವೇ ಮೊದಲಲ್ಲ. 2018ರ ಜನವರಿಯಲ್ಲಿ ಇದೇ ವೆನಿಸ್‌ನ ಒಂದು ಹೋಟೆಲ್ ದೊಡ್ಡ ಸುದ್ದಿಯಾಗಿತ್ತು. ಜಪಾನಿನ ನಾಲ್ವರು ವಿದ್ಯಾರ್ಥಿಗಳಿಗೆ ಒಂದು ಊಟಕ್ಕೆ 1,100 ಯೂರೋಗೂ ಜಾಸ್ತಿ ಬಿಲ್ ಹಾಕಿದ್ದರು. ಅವರು ದೂರು ಕೊಟ್ಟರು, ತಪಾಸಣೆ ನಡೆದು ಹೋಟೆಲಿಗೆ ದಂಡ ಬಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಬಿಲ್ ಮೆನುವಿಗೆ ಹೊಂದದಿದ್ದರೆ ಸುಮ್ನೆ ಕಟ್ಟಿ ಎದ್ದು ಬರಬೇಡಿ. ಮೆನುವಿನ ಫೋಟೊ ತೆಗೆದುಕೊಳ್ಳಿ, ರಸೀದಿ ಕೇಳಿ ತಗೊಳ್ಳಿ. ನಮ್ಮ ಹಾಗೆ ಮೆನುವಿನಲ್ಲೇ ಬರೆದಿದ್ದರೆ ಮಾತ್ರ ದಾರಿ ಇಲ್ಲ.

ಮೀನಿನ ಸಾಲಿನಲ್ಲಿ 'ಎತ್ತೊ' ಅಂತ ಇದೆಯಾ, ಅಥವಾ ಬೆಲೆ ಜಾಗದಲ್ಲಿ ಎಸ್, ಕ್ಯೂ ಅನ್ನೋ ಎರಡೇ ಅಕ್ಷರ ಇದೆಯಾ ನೋಡಿ. ಎರಡರ ಅರ್ಥವೂ ತೂಕದ ಮೇಲೆ ಬೆಲೆ ಅಂತಲೇ. ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಸಾಮಾನ್ಯವಾಗಿ ಅದು ಫ್ರೀಜ್ ಮಾಡಿಟ್ಟ ಮಾಲು. ಮೀನು ತೋರಿಸಲು ತಂದಾಗ "ಕ್ವಾಂತೊ ಪೇಸಾ?" ಅನ್ನಿ, ತೂಕ ಎಷ್ಟು ಅಂತ. "ಕ್ವಾಂತೊ ಕೋಸ್ತಾ?" ಅನ್ನಿ, ಬೆಲೆ ಎಷ್ಟು ಅಂತ. ಫೋನ್ ಕೊಟ್ಟು ಒಟ್ಟು ಮೊತ್ತವನ್ನು ಅವರ ಕೈಯಲ್ಲೇ ಟೈಪ್ ಮಾಡಿಸಿದರೆ ಇನ್ನೂ ಒಳ್ಳೆಯದು. ಫ್ಲಾರೆನ್ಸ್‌ನ ಹೆಸರುವಾಸಿ ಮಾಂಸದ ತುಂಡು ಬಿಸ್ತೆಕ್ಕಾ ಕೂಡ ತೂಕದ ಮೇಲೆಯೇ, ಮಾಂಸ ತಿನ್ನುವವರು ನೆನಪಿಟ್ಟುಕೊಳ್ಳಿ. ಸಾನ್ ಮಾರ್ಕೊ ಚೌಕದ ಕಾಫಿ ಹೋಟೆಲುಗಳಲ್ಲಿ ವಾದ್ಯದವರು ನುಡಿಸುತ್ತಿದ್ದರೆ ಕೂತವರ ಬಿಲ್ಲಿಗೆ ಸಂಗೀತದ ದುಡ್ಡೂ ಸೇರಬಹುದು.

ರೋಮ್‌ನಲ್ಲಿ ತೆರ್ಮಿನಿ ಸ್ಟೇಷನ್‌ನಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು ಜೇಬುಗಳ್ಳರಿಗೆ ಹೆಸರಾದದ್ದು. ನಮ್ಮ ಚೀಲದ ಜಿಪ್ ಅರ್ಧ ತೆರೆದಿತ್ತು, ಪುಣ್ಯಕ್ಕೆ ಏನೂ ಹೋಗಲಿಲ್ಲ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಪ್ಯಾರಿಸ್‌ನಲ್ಲಿ ಸಾಕ್ರೆ ಕೇರ್ ಚರ್ಚಿನ ಮೆಟ್ಟಿಲ ಹತ್ತಿರ ಒಬ್ಬ ನನ್ನ ಮಗನ ಕೈ ಹಿಡಿದು ಬಣ್ಣದ ದಾರ ಕಟ್ಟಲು ಶುರು ಮಾಡಿದ. ಕಟ್ಟಿ ಮುಗಿಸಿದರೆ ದುಡ್ಡು ಕೇಳುತ್ತಾರೆ, ಬಿಡುವುದಿಲ್ಲ. ಈ ಸಲ ಅಮ್ಮ ಕಾಯಲಿಲ್ಲ. "ಬೇಡ ಅಂದ್ರೆ ಬೇಡ" ಅಂತ ಕನ್ನಡದಲ್ಲೇ ಜೋರಾಗಿ ಹೇಳಿ ಮಗುವಿನ ಕೈ ಎಳೆದುಕೊಂಡರು. ಅವನಿಗೆ ಅರ್ಥವಾಯಿತು.

ಪ್ಯಾರಿಸ್‌ನಲ್ಲಿ ನೀರಿನ ಬಾಟಲಿ ಕೊಳ್ಳಲೇಬೇಡಿ. "ಕರಾಫ್ ದೋ" ಅಂದರೆ ಊಟದ ಜೊತೆ ನಲ್ಲಿ ನೀರು ಹೂಜಿಯಲ್ಲಿ ತಂದಿಡುತ್ತಾರೆ, ಬಿಟ್ಟಿ. ಬಿಲ್ಲಿನಲ್ಲಿ ಸೇವೆಯ ದುಡ್ಡು ಮೊದಲೇ ಸೇರಿರುತ್ತೆ, ಟಿಪ್ಸ್ ಕೊಡಲೇಬೇಕು ಅಂತಿಲ್ಲ. ರೋಮ್‌ನ ಬೀದಿಗಳಲ್ಲಿ ಸದಾ ಹರಿಯುವ ಕಬ್ಬಿಣದ ನಲ್ಲಿಗಳಿವೆ, ಆ ನೀರು ಧಾರಾಳವಾಗಿ ಕುಡಿಯಬಹುದು.

ವೆನಿಸ್‌ನಲ್ಲಿ ಮೀನೇ ತಿನ್ನಬೇಡಿ ಅಂತ ನಾನು ಹೇಳಲ್ಲ. ಮಾರನೇ ದಿನ ಬೆಳಿಗ್ಗೆ ಅಪ್ಪನನ್ನು ಬಲವಂತವಾಗಿ ರಿಯಾಲ್ಟೊ ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಭಾನುವಾರ, ಸೋಮವಾರ ಅಲ್ಲಿ ಮೀನಿನ ವ್ಯಾಪಾರ ಇರಲ್ಲ, ಬೇರೆ ದಿನ ಬೆಳಿಗ್ಗೆಯೇ ಹೋಗಬೇಕು. ಮಾರುಕಟ್ಟೆ ಸುತ್ತಮುತ್ತ ಬಾಕಾರೊ ಅನ್ನೋ ಚಿಕ್ಕ ಅಂಗಡಿಗಳಿವೆ. ಗಾಜಿನ ಪೆಟ್ಟಿಗೆಯಲ್ಲಿ ತುತ್ತು ತುತ್ತು ತಿಂಡಿ ಇಟ್ಟಿರುತ್ತಾರೆ, ಎದುರಿಗೇ ಬೆಲೆ ಬರೆದ ಚೀಟಿ ಇರುತ್ತೆ. ಜನ ನಿಂತೇ ತಿನ್ನುತ್ತಾರೆ. ಅಲ್ಲಿ ಒಂದು ತಟ್ಟೆಯಲ್ಲಿ ಕರಿದ ಮೀನಿನ ಮೇಲೆ ಬೆಂದ ಈರುಳ್ಳಿ ಹೊದೆಸಿಟ್ಟಿದ್ದರು. 'ಸಾರ್ದೆ ಇನ್ ಸಾವೋರ್' ಅಂತೆ. ಅಪ್ಪ ಬಗ್ಗಿ ನೋಡಿ, "ಇದು ನಮ್ಮ ಭೂತಾಯಿ ಅಲ್ವಾ?" ಅಂದರು. ಹೌದು, ಅದರ ಬಳಗದ್ದೇ ಮೀನು. ವಿನಿಗರ್, ಈರುಳ್ಳಿ, ಒಣದ್ರಾಕ್ಷಿ ಹಾಕಿ ನೆನೆಸಿಟ್ಟಿದ್ದು.

ಅಪ್ಪ ಬೆರಳು ತೋರಿಸಿ "ಕ್ವಾಂತೊ?" ಅಂತ ತಾವೇ ಕೇಳಿದರು. ಅಂಗಡಿಯವಳು ಎರಡು ಬೆರಳು ಎತ್ತಿದಳು. ಅಪ್ಪ ಆರು ಕೊಡಲು ಹೇಳಿ, ಪರ್ಸ್‌ನಿಂದ ಹನ್ನೆರಡು ಯೂರೋ ಎಣಿಸಿ ಕೊಟ್ಟರು. ಈ ಸಲ ನಾನು ತಡೆಯಲಿಲ್ಲ.