ಓಬರ್ಸ್ಟ್‌ಡೋರ್ಫ್ ಐಸ್ ಹಾಲ್: ಐದಕ್ಕೆ ನಾಲ್ಕೂವರೆ, ನನ್ನ ಬೂಟಿಗೆ ಒಂದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸ್ಕೇಟಿಂಗ್ ಬರುವುದಿಲ್ಲ. ನಾನು ಸಾಗರದ ಕಡೆಯವಳು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಬಾರದೆಂದು ಅಡಿಕೆ ದಬ್ಬೆ ಹಾಸಿ ಅದರ ಮೇಲೆ ಓಡಾಡಿಕೊಂಡು ಬೆಳೆದವರು ನಾವು. ಅಂಥವಳು ಮ್ಯೂನಿಕ್‌ನಿಂದ ಎರಡೂವರೆ ಗಂಟೆ ರೈಲಿನಲ್ಲಿ ಕೂತು, ಜರ್ಮನಿಯ ಓಬರ್ಸ್ಟ್‌ಡೋರ್ಫ್‌ನ ಐಸ್ ಹಾಲ್‌ಗೆ ದುಡ್ಡು ಕೊಟ್ಟು ಜಾರಲು ಹೋದೆ. ಕಾರಣ ಅಲ್ಯೋನಾ ಸಾವ್ಚೆಂಕೊ, ಜರ್ಮನಿಗೆ ಒಲಿಂಪಿಕ್ಸ್ ಚಿನ್ನ ತಂದ ಜೋಡಿ ಸ್ಕೇಟರ್. 2018ರ ಫೆಬ್ರವರಿ 15ರ ನಸುಕಿನಲ್ಲಿ, ಹಸುಗೂಸನ್ನು ತೊಡೆ ಮೇಲೆ ಮಲಗಿಸಿಕೊಂಡು, ದನಿ ಪೂರಾ ಇಳಿಸಿ ಫೋನಿನಲ್ಲಿ ಅವಳ ಆಟ ನೋಡಿದ್ದೆ. ಆ ಕೂಸಿಗೆ ಈಗ ಸ್ಕೇಟಿಂಗ್ ಹುಚ್ಚು.

ಹೋಗುವವರಿಗೆ ಒಂದು ಕಿವಿಮಾತು: ಇಮೆನ್‌ಶ್ಟಾಟ್‌ನಲ್ಲಿ ರೈಲು ಎರಡು ಭಾಗವಾಗುತ್ತದೆ. ಡಬ್ಬಿ ನೋಡಿ ಹತ್ತಿ, ಇಲ್ಲದಿದ್ದರೆ ಲಿಂಡಾವ್ ಕಡೆ ಹೋಗಿ ಸರೋವರ ನೋಡಿಕೊಂಡು ಬರಬೇಕಾಗುತ್ತದೆ. ಓಬರ್ಸ್ಟ್‌ಡೋರ್ಫ್ ಕೊನೆಯ ಸ್ಟೇಷನ್. ಅಲ್ಲಿಂದ ನಡೆದೇ ಹೋಗಬಹುದು, ನೆಬೆಲ್‌ಹೋರ್ನ್ ಬೆಟ್ಟಕ್ಕೆ ಹೋಗುವ ಕೇಬಲ್ ಕಾರ್ ನಿಲ್ದಾಣದ ಪಕ್ಕದಲ್ಲೇ ಹಾಲ್. ಒಳಗೆ ಮೂರು ಐಸ್ ಅಂಗಳಗಳಿವೆ. ಇದು ತರಬೇತಿ ಕೇಂದ್ರವಾದ್ದರಿಂದ ಸಾರ್ವಜನಿಕರಿಗೆ ಬಿಡುವ ವೇಳೆ ಬದಲಾಗುತ್ತಿರುತ್ತದೆ, ನೋಡಿಕೊಂಡು ಹೊರಡಿ.

ನಾನು ಮಾಡಿದ ತಪ್ಪು ಬೂಟಿನದು. ಇಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಆದರೂ ಜಾಣತನ ತೋರಿಸಲು ಹೋಗಿ ಮ್ಯೂನಿಕ್‌ನ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ (ಹೆಸರು ಬೇಡ) ಬಿಳಿ ಬೂಟು ಕೊಂಡಿದ್ದೆ. ಅಡಿಯ ಅಲಗು ಹರಿತ ಮಾಡಿಸಿದ್ದೇನೆ ಎಂದಿದ್ದ ಅಂಗಡಿಯವ. ಅದರಲ್ಲಿ ಬೆಣ್ಣೆಯೂ ಕೊಯ್ಯುವುದಿಲ್ಲ. ಅಂಚು ಐಸನ್ನು ಕಚ್ಚದಿದ್ದರೆ ಕಾಲು ಹೇಳಿದ ಕಡೆ ಹೋಗದೆ ಪಕ್ಕಕ್ಕೆ ಸರಿಯುತ್ತದೆ. ಮೊದಲ ಇಪ್ಪತ್ತು ನಿಮಿಷ ಕಟಕಟೆಯನ್ನು ಅಪ್ಪಿಕೊಂಡೇ ಇದ್ದೆ.

ಅಪ್ಪಿಕೊಂಡು ನಿಂತಾಗಲೇ ಹೊಳೆದಿದ್ದು, ಸಾವ್ಚೆಂಕೊ ಎಂಬ ಹೆಂಗಸು ಇದೇ ಕಟ್ಟಡದಲ್ಲಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದಳಲ್ಲ ಎಂದು. ಹುಟ್ಟಿದ್ದು ಉಕ್ರೇನಿನ ಒಬುಖಿವ್‌ನಲ್ಲಿ. 2002ರ ಒಲಿಂಪಿಕ್ಸ್‌ಗೆ ಉಕ್ರೇನಿನ ಪರವಾಗಿ, ಸ್ಟಾನಿಸ್ಲಾವ್ ಮೊರೊಜೊವ್ ಜೊತೆ ಹೋಗಿ 15ನೇ ಸ್ಥಾನ. 2003ರಲ್ಲಿ ಜರ್ಮನಿಯ ಕೆಮ್ನಿಟ್ಸ್‌ಗೆ ಬಂದು ರಾಬಿನ್ ಶೋಲ್ಕೊವಿ ಜೊತೆಗಾರನಾದ, ಇಂಗೊ ಸ್ಟೊಯರ್ ಕೋಚ್. 2008, 2009, 2011, 2012, 2014, ಐದು ಸಲ ವಿಶ್ವ ಚಾಂಪಿಯನ್ನರು. ಆದರೆ ಒಲಿಂಪಿಕ್ಸ್ ಬಂದಾಗಲೆಲ್ಲ ಏನೋ ಒಂದು. 2006ರಲ್ಲಿ ಟುರಿನ್‌ಗೆ ಹೊರಡುವ ಹೊತ್ತಿಗೆ ಸ್ಟಾಸಿ (ಹಿಂದಿನ ಪೂರ್ವ ಜರ್ಮನಿಯ ಗುಪ್ತ ಪೊಲೀಸ್) ಜೊತೆ ಕೋಚ್‌ಗಿದ್ದ ಹಳೆಯ ನಂಟಿನ ಗದ್ದಲ, ಸಿಕ್ಕಿದ್ದು ಆರನೇ ಸ್ಥಾನ. ವ್ಯಾಂಕೂವರ್‌ನಲ್ಲಿ ಕಂಚು. ಸೋಚಿಯಲ್ಲಿ ಕೊನೆಗೆ ಥ್ರೋ ಟ್ರಿಪಲ್ ಆಕ್ಸೆಲ್‌ಗೆ ಕೈಹಾಕಿ ಬಿದ್ದಳು, ಮತ್ತೆ ಕಂಚು. ಜೊತೆಗಾರ ಎಸೆದಾಗ ಗಾಳಿಯಲ್ಲಿ ಮೂರೂವರೆ ಸುತ್ತು ಸುತ್ತಿ, ಹಿಮ್ಮುಖವಾಗಿ ಒಂದೇ ಕಾಲಿನ ಮೇಲೆ ಇಳಿಯುವುದು! ನಾನಾಗಿದ್ದರೆ ಅದನ್ನು ಬಿಟ್ಟು ಸುಲಭದ್ದು ಮಾಡಿ ಮನೆಗೆ ಬರುತ್ತಿದ್ದೆ.

ಆಮೇಲೆ ಶೋಲ್ಕೊವಿ ಆಟ ಬಿಟ್ಟ. ಮೂವತ್ತು ದಾಟಿದ ಈಕೆ ಬಿಡಲಿಲ್ಲ. ಫ್ರಾನ್ಸಿನ ಬ್ರೂನೊ ಮಾಸೊನನ್ನು ಜೊತೆ ಮಾಡಿಕೊಂಡು, ಅಲೆಕ್ಸಾಂಡರ್ ಕ್ಯೋನಿಗ್ ಹತ್ತಿರ ಕಲಿಯಲು ಈ ಊರಿಗೆ ಬಂದಳು. ಜರ್ಮನಿಯ ಪರ ಆಡಲು ಅವನನ್ನು ಫ್ರಾನ್ಸ್ ಬಿಟ್ಟುಕೊಟ್ಟಿದ್ದು 2015ರ ಶರತ್ಕಾಲದಲ್ಲಿ. ಅಲ್ಲಿಯವರೆಗೆ ಸ್ಪರ್ಧೆಯಿಲ್ಲ, ಬರೀ ಅಭ್ಯಾಸ. ಒಲಿಂಪಿಕ್ಸ್‌ಗೆ ಜರ್ಮನ್ ಪೌರತ್ವ ಬೇಕು, ಪೌರತ್ವಕ್ಕೆ ಭಾಷಾ ಪರೀಕ್ಷೆ ಬೇಕು. ಮಾಸೊ ಒಮ್ಮೆ ಫೇಲಾದ! ನಾನೂ ಅದೇ ಥರದ ಪರೀಕ್ಷೆಯಲ್ಲಿ ಡೇರ್, ಡೀ, ಡಾಸ್ ಎಂಬ ಜರ್ಮನ್ ಲಿಂಗಸೂಚಕ ಪದಗಳ ನಡುವೆ ಕಾಲುಜಾರಿ ಬಿದ್ದವಳಾದ್ದರಿಂದ ಅವನ ಮೇಲೆ ವಿಶೇಷ ಅಕ್ಕರೆ. 2017ರ ನವೆಂಬರಿನಲ್ಲಿ ಪೌರತ್ವ ಕೈಗೆ ಬಂತು, ಒಲಿಂಪಿಕ್ಸ್‌ಗೆ ಮೂರು ತಿಂಗಳೂ ಉಳಿದಿರಲಿಲ್ಲ.

2018ರ ಒಲಿಂಪಿಕ್ಸ್ ನಡೆದ ಪ್ಯೋಂಗ್‌ಚಾಂಗ್‌ನಲ್ಲಿ ಮೊದಲ ದಿನ ಅವನ ಟ್ರಿಪಲ್ ಸಾಲ್ಕೋ (ಮೂರು ಸುತ್ತಿನ ಜಿಗಿತ) ಡಬಲ್ ಆಯಿತು. 76.59 ಅಂಕ, ನಾಲ್ಕನೇ ಸ್ಥಾನ. ಮೇಲಿದ್ದ ಚೀನಾದ ಜೋಡಿಗಿಂತ 5.80 ಹಿಂದೆ. ಮರುದಿನದ ನಾಲ್ಕೂವರೆ ನಿಮಿಷವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಆಕೆ ಐದಡಿಯ ಆಸುಪಾಸು, ನಮ್ಮಮ್ಮನಷ್ಟು. ಟ್ರಿಪಲ್ ಟ್ವಿಸ್ಟ್‌ನಲ್ಲಿ ಅವನ ತಲೆಗಿಂತ ಎಷ್ಟೋ ಮೇಲೆ, ಮಲಗಿದ ಹಾಗೆ ಮೂರು ಸುತ್ತು ಸುತ್ತಿ ಅವನ ಕೈಗೇ ಬಂದು ಇಳಿಯುತ್ತಾಳೆ. 159.31, ಆಗಿನ ವಿಶ್ವದಾಖಲೆ. ಒಟ್ಟು 235.90. ಆಮೇಲೆ ಕಾಯುವುದೊಂದೇ ಕೆಲಸ. ಆ ಚೀನಾದ ಸ್ವೇ ವೆನ್‌ಜಿಂಗ್–ಹಾನ್ ತ್ಸೋಂಗ್ ಜೋಡಿಗೆ 235.47. ಅಂತರ 0.43! ಐದನೇ ಒಲಿಂಪಿಕ್ಸ್, ಅಲ್ಲಿ ಮೂರನೇ ಜೊತೆಗಾರ, 34 ವರ್ಷ. ಜರ್ಮನಿಗೆ ಜೋಡಿ ಸ್ಕೇಟಿಂಗ್‌ನಲ್ಲಿ ಈ ಚಿನ್ನ 1952ರ ಫಾಲ್ಕ್ ದಂಪತಿಯ ನಂತರ ಮೊದಲನೆಯದು. ಆ ನಸುಕಿನಲ್ಲಿ ನಾನು ಕೂಗಿಕೊಂಡು, ಮಲಗಿದ್ದ ಕೂಸು ಎದ್ದು, ಯಜಮಾನರಿಂದ ಬೈಸಿಕೊಂಡೆ.

ಮತ್ತೆ ಹಾಲ್‌ಗೆ. ಕೊನೆಗೆ ಸೋತು ಬಾಡಿಗೆ ಬೂಟು ತಂದೆ. ಐದೇ ನಿಮಿಷದಲ್ಲಿ ಕಟಕಟೆ ಬಿಟ್ಟೆ, ಹತ್ತು ನಿಮಿಷದಲ್ಲಿ ಮಗಳ ಕೈ ಹಿಡಿದು ಒಂದು ಸುತ್ತು ಹೊಡೆದೆ. ನಾವೂ ಜೋಡಿಯೇ ಅಂದಳು. ತಿರುವಿನಲ್ಲಿ ಅವಳು ನಿಂತಳು, ನಾನು ನಿಲ್ಲಲಿಲ್ಲ. ಕತ್ತರಿಸಿದ ಆ ಅರ್ಧ ಅಂಕ ಹಾಲ್‌ನ ತಪ್ಪಿಗಲ್ಲ, ನನ್ನ ಮೊಣಕಾಲಿಗೆ.

ಊಟಕ್ಕೆ ಊರೊಳಗೆ ಕೇಸ್‌ಶ್ಪಾಟ್ಸನ್ ತಿಂದೆವು. ದಪ್ಪ ಶಾವಿಗೆಗೆ ಚೀಸ್ ಸುರಿದು ಮೇಲೆ ಹುರಿದ ಈರುಳ್ಳಿ ಹಾಕಿದಂತಿರುತ್ತದೆ, ಮಾಂಸವಿಲ್ಲ, ಆದರೆ ಶಾವಿಗೆಯ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಕೈಯಲ್ಲಿ ನಗದು ಇರಲಿ. ಉಪ್ಪಿನಕಾಯಿಯೂ ಇದ್ದರೆ ಇನ್ನೂ ಒಳ್ಳೆಯದು.

ಆ ಬಿಳಿ ಬೂಟು ಈಗ ನಮ್ಮ ಬಾಲ್ಕನಿಯಲ್ಲಿದೆ. 38ರ ಸೈಜ್. ಮ್ಯೂನಿಕ್‌ನಲ್ಲಿರುವ ಕನ್ನಡದವರು ಯಾರಾದರೂ ಒಯ್ಯುವುದಾದರೆ ಪುಕ್ಕಟೆ ಕೊಡುತ್ತೇನೆ, ಹರಿತ ಮಾತ್ರ ನೀವೇ ಮಾಡಿಸಿಕೊಳ್ಳಿ.